ನಳಿಗೆಯ ಅಳತೆ ಬದಲಾದರೆ ಬೆಳೆ ಉಳಿಯುವುದೇ?

ಬೆಟ್ಟಸೀಮೆಯ ಹಳ್ಳಿಗಳಲ್ಲಿ ಕಾಡುಹಂದಿಯ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ತಲೆಯೆತ್ತುತ್ತದೆ. ಪೊಲೀಸ್ ಇಲಾಖೆಗಳು ಹಳೆಯ .303 ರೈಫಲ್‌ಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿವೆ. ಉತ್ತರಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ದಿನ ಆ ರೈಫಲ್‌ಗೆ ವಿಧ್ಯುಕ್ತವಾಗಿಯೇ ವಿದಾಯ ಹೇಳಿದರು. ಉಗ್ರಾಣದಲ್ಲಿ ತುಕ್ಕು ಹಿಡಿಯುವ ಅಥವಾ ಕುಲುಮೆಗೆ ಬೀಳುವ ಈ ರೈಫಲ್‌ಗಳ ನಳಿಗೆ ಬದಲಿಸಿ, ಸೇನೆ ಬಳಸದ ಬೇರೊಂದು ಕ್ಯಾಲಿಬರಿಗೆ ಪರಿವರ್ತಿಸಿ, ಬೆಳೆ ಕಾಯುವ ರೈತನ ಕೈಗೆ ಕೊಟ್ಟರೆ ಕಳೆದುಕೊಳ್ಳುವುದೇನು ಎಂಬುದೇ ಆ ವಾದ. ಕೇಳಿದೊಡನೆ ಅದು ನ್ಯಾಯವಾಗಿಯೇ ತೋರುತ್ತದೆ. ಸರ್ಕಾರಕ್ಕೆ ಬೇಡವಾದದ್ದು ರೈತನಿಗೆ ಬೇಕಾಗಿದೆ. ನಡುವೆ ಇರುವುದು ಉಕ್ಕಿನ ಒಂದು ಕೊಳವೆ ಮಾತ್ರ ಎಂಬಂತೆ ಕಾಣುತ್ತದೆ.

ಆದರೆ ಈ ವಾದ ರೈತನನ್ನು ದಾರಿ ತಪ್ಪಿಸುವಂಥದು. ಬೆಳೆಹಾನಿ ಸುಳ್ಳೆಂದಾಗಲಿ, ಹಂದಿಯ ಜೀವ ರೈತನ ಬದುಕಿಗಿಂತ ದೊಡ್ಡದೆಂದಾಗಲಿ ಇಲ್ಲಿ ಹೇಳುತ್ತಿಲ್ಲ. ಗೋವಿನಜೋಳದ ಹೊಲವೊಂದಕ್ಕೆ ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿದರೆ ಏನು ಉಳಿಯುತ್ತದೆ ಎಂಬುದನ್ನು ಕಂಡವರಿಗೆ ಯಾವ ವಿವರಣೆಯೂ ಬೇಕಿಲ್ಲ. ಪ್ರಶ್ನೆ ಇರುವುದು ಬೇರೆಡೆ. ನಳಿಗೆಯ ಅಳತೆ ಬದಲಿಸುವ ಈ ಕೆಲಸ ಹೊಸದಲ್ಲ. ಕಳೆದ 160 ವರ್ಷಗಳಲ್ಲಿ ಈ ನೆಲದಲ್ಲಿ ಅದು ಮತ್ತೆ ಮತ್ತೆ ನಡೆದಿದೆ. ಪ್ರತಿ ಸಲವೂ ಅಳತೆಯನ್ನು ಗೊತ್ತುಮಾಡಿದ್ದು ಆಳುವವರ ಅಂಜಿಕೆಯೇ ಹೊರತು ಹೊಲದ ಅಗತ್ಯವಲ್ಲ. ಆ ಚರಿತ್ರೆಯನ್ನು ಅರಿಯದೆ ಇಂದು ಅದೇ ಕೊಳವೆಯನ್ನು ಪರಿಹಾರವೆಂದು ಬೇಡುವುದು ಅವಮಾನವನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡಂತೆ.

ಹಲಗಲಿಯಿಂದ ಆರಂಭ

ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೆ ಈ ಕಥೆಯ ಮೊದಲ ಅಧ್ಯಾಯ ಗೊತ್ತಿದೆ. 1857ರ ದಂಗೆಯ ಬೆನ್ನಲ್ಲೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಹೊರಡಿಸಿತು. ಅಪ್ಪಣೆಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಎಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಕುಲದ ಮರ್ಯಾದೆ ಎಲ್ಲವೂ ಆಗಿತ್ತು. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೇರಿ 19 ಜನರನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಕಟ್ಟಿದ ಆ ಹಾಡು ಶಾಲೆಯ ಪಠ್ಯದವರೆಗೂ ಬಂದಿದೆ. ಆದರೆ ಪಠ್ಯ ನಿಲ್ಲುವುದು ಗಲ್ಲುಗಂಬದ ಬಳಿ. ಆಯುಧ ಕಿತ್ತುಕೊಂಡ ಮೇಲೆ ಸರ್ಕಾರ ತನ್ನದೇ ಆಯುಧಗಳಿಗೆ ಏನು ಮಾಡಿತು ಎಂಬುದು ಪಠ್ಯದಲ್ಲಿಲ್ಲ. ಎರಡನೆಯ ಅಧ್ಯಾಯ ಇರುವುದು ಅಲ್ಲಿಯೇ.

ದಂಗೆಗೆ ಕಿಡಿ ಹೊತ್ತಿಸಿದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನ ತೋಟೆ. ಆ ರೈಫಲ್‌ನ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿದ್ದವು. ಗುಂಡು ಆ ಗೀರುಗಳನ್ನು ಹಿಡಿದು ತಿರುಗುತ್ತ ಹೊರಬೀಳುವುದರಿಂದ ದೂರದವರೆಗೆ ಗುರಿ ಕೆಡದೆ ಹೋಗುತ್ತಿತ್ತು. ನಳಿಗೆಯ ಒಳವ್ಯಾಸ .577 ಅಂಗುಲ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆಂದು ಇದೇ ಮಾದರಿಯ ಬಂದೂಕುಗಳನ್ನು ಗೀರುಗಳಿಲ್ಲದ ನುಣುಪು ನಳಿಗೆಯೊಂದಿಗೆ, ಒಳವ್ಯಾಸವನ್ನು ಸುಮಾರು .65 ಅಂಗುಲಕ್ಕೆ ಹಿಗ್ಗಿಸಿ ಸಿದ್ಧಪಡಿಸಲಾಯಿತು. ಹೊರಗಿನಿಂದ ನೋಡಿದರೆ ಅದೇ ಬಂದೂಕು. ಹಾರಿಸಿದರೆ ಗುರಿ ಹತ್ತಿರದಲ್ಲೇ ಕೆಡುತ್ತಿತ್ತು. ಸಿಪಾಯಿ ತಿರುಗಿಬಿದ್ದರೂ ಗೋರಾ ಪಲ್ಟಣಿಯ ಮುಂದೆ ನಿಲ್ಲಲಾಗದಂತೆ ಅವನ ಆಯುಧವನ್ನು ಬೇಕೆಂದೇ ಕುಗ್ಗಿಸಿದ ಪರಿವರ್ತನೆ ಇದು.

ಅಲ್ಲಿಂದ ಮುಂದೆ ಇದೊಂದು ಪದ್ಧತಿಯೇ ಆಯಿತು. ಹಳೆಯ ಎನ್‌ಫೀಲ್ಡ್‌ಗಳ ಹಿಂಭಾಗವನ್ನು ಕತ್ತರಿಸಿ, ತೋಟೆಯನ್ನು ಹಿಂದಿನಿಂದ ತುಂಬುವ ಸ್ನೈಡರ್ ಬಂದೂಕುಗಳನ್ನಾಗಿ 1866ರಿಂದ ಪರಿವರ್ತಿಸಲಾಯಿತು. ಬ್ರಿಟಿಷ್ ಸೈನಿಕನ ಕೈಗೆ 1871ರ ಮಾರ್ಟಿನಿ-ಹೆನ್ರಿ ಬಂದ ಬಳಿಕ ಭಾರತೀಯನಿಗೆ ಈ ಸ್ನೈಡರ್ ಸಿಕ್ಕಿತು, ಅವನ ಕೈಗೆ.303 ಬಂದಾಗ ಇವನಿಗೆ ಮಾರ್ಟಿನಿ ಸಿಕ್ಕಿತು. ಹೀಗೆ ಯಾವಾಗಲೂ ಒಂದು ತಲೆಮಾರು ಹಿಂದೆ. ಆ ಮಾರ್ಟಿನಿಗಳನ್ನೂ ಮುಂದೆ .303ಕ್ಕೆ ಪರಿವರ್ತಿಸಿ ಇನ್ನಷ್ಟು ಕಾಲ ದುಡಿಸಿಕೊಳ್ಳಲಾಯಿತು. 20ನೆಯ ಶತಮಾನದ ಮೊದಲರ್ಧದಲ್ಲಿ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ ಸವೆದ .303 ರೈಫಲ್‌ಗಳ ನಳಿಗೆಯನ್ನು .410 ಅಂಗುಲದ ನುಣುಪು ನಳಿಗೆಯನ್ನಾಗಿಸಿತು. ಗುಂಡಿನ ಡಬ್ಬಿಯ ಜಾಗಕ್ಕೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ತೋಟೆ ಹಾರುವಂತೆ ಮಾಡಿತು. ಅವನ್ನು ಜೈಲಿನ ಕಾವಲುಗಾರರಿಗೂ ಪೊಲೀಸರಿಗೂ ಹಂಚಿತು. ಆ ಬಂದೂಕು ಕಳುವಾದರೂ ಸೇನೆಯ ತೋಟೆ ಅದಕ್ಕೆ ಹೊಂದದು ಎಂಬುದೇ ಲೆಕ್ಕಾಚಾರ.

ನಾಗರಿಕರ ಪಾಲಿಗೂ ಇದೇ ಲೆಕ್ಕ. 1878ರ ಶಸ್ತ್ರಾಸ್ತ್ರ ಕಾಯಿದೆ ಪರವಾನಗಿಯ ಬೇಲಿ ಕಟ್ಟಿತು. 20ನೆಯ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ತೋಟೆಗಳನ್ನು ಭಾರತಕ್ಕೆ ತರುವುದನ್ನೇ ನಿರ್ಬಂಧಿಸಲಾಯಿತು. ಹಳೆಯ ಮಾರ್ಟಿನಿಗಳಿಗೆ ಆ ತೋಟೆ ಒದಗಿಬಿಡುತ್ತದೆ ಎಂಬ ಭಯವೇ ಅದಕ್ಕೆ ಕಾರಣ. ಇಂಗ್ಲೆಂಡಿನ ಬಂದೂಕು ತಯಾರಕರು ಕೂಡಲೇ .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿ, ಹುಲಿ-ಆನೆಗಳ ಬೇಟೆಗೆ ಬರುವ ದೊರೆಗಳಿಗೂ ಮಹಾರಾಜರಿಗೂ ಮಾರಿದರು. .303 ಸೇನೆಯದಾದ್ದರಿಂದ ನಾಗರಿಕರಿಗೆಂದು .315 ಎಂಬ ಮತ್ತೊಂದು ಅಳತೆ ಚಾಲ್ತಿಗೆ ಬಂತು. ಇಂದಿಗೂ ಪರವಾನಗಿಯ ಮೇಲೆ ಸಿಗುವ ಸರ್ಕಾರಿ ಕಾರ್ಖಾನೆಯ .315 ರೈಫಲ್, ಒಳಗಿನ ಯಂತ್ರವನ್ನು ನೋಡಿದರೆ, ಅದೇ ಲೀ-ಎನ್‌ಫೀಲ್ಡ್ ವಂಶದ್ದು. ಅದು ನುಂಗುವ ತೋಟೆ ಮಾತ್ರ ಬೇರೆ. ಹಂದಿಯ ಚರ್ಮದ ದಪ್ಪವನ್ನಾಗಲಿ, ರೈತನ ಹೊಲದ ಅಗಲವನ್ನಾಗಲಿ ಅಳೆದು ಯಾರೂ ಆ 8 ಮಿಲಿಮೀಟರನ್ನು ಗೊತ್ತುಮಾಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಾದರೂ ಈ ದೃಷ್ಟಿ ಬದಲಾಯಿತೇ? 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಪ್ರಕರಣವನ್ನು ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಬೇಕೆಂದವರಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು. ನಿಜವಾದ ಬೆಳೆರಕ್ಷಣೆಗೆ ಬೇಕೆಂದವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು. ಪಟ್ಟಣದ ಶ್ರೀಮಂತನ ಹವ್ಯಾಸಕ್ಕೆ ಒಂದು ಅಳತೆ, ರೈತನ ಅನ್ನಕ್ಕೆ 1857ರ ಕಾಲದ ಯಂತ್ರ! ಚುನಾವಣೆ ಬಂದಾಗ ಆ ಕೋವಿಯನ್ನೂ ಠಾಣೆಗೆ ಒಪ್ಪಿಸಿ ಬರಬೇಕೆಂಬ ಸೂಚನೆ ರೈತನ ಮನೆ ಬಾಗಿಲಿಗೆ ಬರುತ್ತದೆ. ಫಸಲಿಗೆ ಚುನಾವಣಾ ನೀತಿಸಂಹಿತೆ ತಿಳಿಯದು, ಹಂದಿಗಂತೂ ತಿಳಿಯದು.

ನಳಿಗೆ ಬದಲಿಸುವುದು ಲೇತ್ ಯಂತ್ರದ ಕೆಲಸವಷ್ಟೇ ಅಲ್ಲ

ಇಷ್ಟಾದ ಮೇಲೆ, ‘ಹಾಗಿದ್ದರೆ ಈಗಲಾದರೂ ನ್ಯಾಯ ಸಿಗಲಿ, ಪರಿವರ್ತಿಸಿ ಕೊಡಲಿ’ ಎಂದು ಕೆಲವರು ಹೇಳಬಹುದು. ಅವರು ಗಮನಿಸಬೇಕಾದ ಸಂಗತಿಯೊಂದಿದೆ. ತೋಟೆ ಸಿಡಿದಾಗ ನಳಿಗೆಯ ಹಿಂಭಾಗದಲ್ಲಿ ಹುಟ್ಟುವ ಒತ್ತಡ ಒಂದು ಚದರ ಅಂಗುಲಕ್ಕೆ ಹತ್ತಾರು ಸಾವಿರ ಪೌಂಡುಗಳಷ್ಟಿರುತ್ತದೆ. ಅದನ್ನು ತಡೆದು ನಿಲ್ಲುವುದು ಹಾರಿಸುವವನ ಕೆನ್ನೆಯಿಂದ ಕೆಲವೇ ಅಂಗುಲ ದೂರದ ಉಕ್ಕು. ಪ್ರತಿಯೊಂದು ರೈಫಲ್‌ನ ಉಕ್ಕು, ಕೀಲು, ತೋಟೆ ಕೂರುವ ಮನೆ ಇವೆಲ್ಲ ಒಂದು ನಿರ್ದಿಷ್ಟ ಒತ್ತಡಕ್ಕೆ ಹೊಂದಿಸಿದವು. ಸವೆದ ಬಂದೂಕಿಗೆ ಬೇರೆ ಅಳತೆಯ ತೋಟೆ ಹಾಕುವುದೆಂದರೆ ಆ ಹೊಂದಿಕೆಯನ್ನೇ ಕದಡುವುದು.

ಭಾರತದ ಸೇನೆಗೇ ಈ ಪ್ರಶ್ನೆ ಎದುರಾಗಿತ್ತು. 1962ರಲ್ಲಿ ಚೀನಾದ ಎದುರು ಯೋಧರು .303 ಹಿಡಿದೇ ಹೋರಾಡಿದರು. ಆ ಬಳಿಕ 7.62 ಮಿಲಿಮೀಟರ್ ತೋಟೆಗೆ ಹೊಂದುವ ಇದೇ ಮಾದರಿಯ ರೈಫಲ್ ಬೇಕಾಯಿತು. ಅಳತೆಯ ವ್ಯತ್ಯಾಸ ಕೂದಲೆಳೆಯಷ್ಟು: .303 ಅಂಗುಲವೆಂದರೆ 7.7 ಮಿಲಿಮೀಟರ್. ಆದರೂ ಈಶಾಪುರದ ತಂತ್ರಜ್ಞರು ಹಳೆಯವನ್ನು ತಂದು ನಳಿಗೆಯಷ್ಟನ್ನೇ ಬದಲಿಸಲಿಲ್ಲ. ಹೊಸ ತೋಟೆಯ ಒತ್ತಡ ಹೆಚ್ಚು. ಆದ್ದರಿಂದ ಇನ್ನೂ ಗಟ್ಟಿಯಾದ ಉಕ್ಕಿನಿಂದ ಹೊಸ ರೈಫಲ್‌ಗಳನ್ನೇ ತಯಾರಿಸಿದರು. 2ಎ, 2ಎ1 ಎಂಬ ಹೆಸರಿನ ಆ ರೈಫಲ್‌ಗಳನ್ನು ಹಲವರು ಹಳೆಯ .303ರ ಪರಿವರ್ತನೆಯೆಂದು ತಪ್ಪಾಗಿ ತಿಳಿಯುತ್ತಾರೆ. ಕಾರ್ಖಾನೆಯ ತಂತ್ರಜ್ಞರೇ ಕೈಯಿಡಲು ಹಿಂದೆಗೆದದ್ದನ್ನು ತಾಲ್ಲೂಕು ಕೇಂದ್ರದ ಕುಲುಮೆಯಲ್ಲಿ ಮಾಡಿಸಬಹುದೆಂದು ನಂಬುವವರು ತಮ್ಮ ಕಣ್ಣು, ಕೈಗಳನ್ನು ಪಣಕ್ಕಿಟ್ಟಿರುತ್ತಾರೆ. ಪರವಾನಗಿಯಿಲ್ಲದೆ ಬಂದೂಕನ್ನು ಹೀಗೆ ಬದಲಿಸುವುದು ಅಪರಾಧವೂ ಹೌದು. ಜೈಲಿಗೆ ಹೋಗುವವನು ಮತ್ತೆ ರೈತನೇ.

ಕೋವಿಯಿಂದ ಬೆಳೆ ಉಳಿಯಿತೇ?

ವಾದಕ್ಕಾಗಿ ಇದೆಲ್ಲವನ್ನೂ ಬದಿಗಿಡೋಣ. ಸುರಕ್ಷಿತವಾದ, ಕಾಯಿದೆಬದ್ಧವಾದ ರೈಫಲ್ ಪ್ರತಿ ಮನೆಗೂ ಬಂತೆಂದೇ ಇಟ್ಟುಕೊಳ್ಳೋಣ. ಬೆಳೆ ಉಳಿಯುವುದೇ? ಈ ಪ್ರಶ್ನೆಗೆ ಜಗತ್ತು ಈಗಾಗಲೇ ಉತ್ತರ ಕೊಟ್ಟಿದೆ.

1932ರ ನವೆಂಬರಿನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಪ್ರದೇಶದ ಗೋಧಿ ಹೊಲಗಳಿಗೆ ಎಮು ಹಕ್ಕಿಗಳು ಸಾವಿರಗಟ್ಟಲೆ ನುಗ್ಗಿದವು. ಅಲ್ಲಿನ ರೈತರಲ್ಲಿ ಅನೇಕರು ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು. ಅವರು ಕೇಳಿದ್ದೂ ಯುದ್ಧದ ಆಯುಧವನ್ನೇ. ಸರ್ಕಾರ ಒಬ್ಬ ಮೇಜರನನ್ನು, ಎರಡು ಲೂಯಿಸ್ ಮೆಷಿನ್‌ಗನ್‌ಗಳನ್ನು, 10,000 ಗುಂಡುಗಳನ್ನು ಕಳುಹಿಸಿತು. ಹಕ್ಕಿಗಳು ಸಣ್ಣ ಸಣ್ಣ ಗುಂಪುಗಳಾಗಿ ಚದುರಿದವು. ಕಾರ್ಯಾಚರಣೆ ಮುಗಿದಾಗ ಮೇಜರ್ ಕೊಟ್ಟ ಲೆಕ್ಕದ ಪ್ರಕಾರವೇ 9,860 ಗುಂಡುಗಳಿಗೆ 986 ಹಕ್ಕಿಗಳು ಬಿದ್ದಿದ್ದವು. ಹಿಂಡು ಮಾತ್ರ ಉಳಿದಿತ್ತು. ಆ ಸೀಮೆಯ ಹೊಲಗಳಿಗೆ ಕೊನೆಗೆ ಆಸರೆಯಾದದ್ದು ನೂರಾರು ಮೈಲಿಯ ಬೇಲಿ. ಆ ತಡೆಬೇಲಿಯನ್ನು ಸರ್ಕಾರ ಇಂದಿಗೂ ದುರಸ್ತಿ ಮಾಡಿಕೊಂಡು ಬರುತ್ತಿದೆ. ಮೆಷಿನ್‌ಗನ್ನು ಕಥೆಯಾಗಿ ಉಳಿದಿದೆ. ಅದೇ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸೇನಾ ಅಳತೆಯ ಬಂದೂಕಿಗೆ ನಿರ್ಬಂಧವಿದ್ದುದರಿಂದ ಹಳೆಯ .303ಗಳನ್ನು .25ಕ್ಕೆ ಪರಿವರ್ತಿಸಿ ಬೇಟೆಗೆ ಬಳಸುವುದೂ ನಡೆಯಿತು. ಕೃಷಿಯನ್ನು ಪೀಡಿಸುವ ಪ್ರಾಣಿಗಳ ಸಮಸ್ಯೆ ಆ ದೇಶದಲ್ಲಿ ಇವತ್ತಿಗೂ ಮುಗಿದಿಲ್ಲ.

ಜರ್ಮನಿ ಇನ್ನೂ ಸ್ಪಷ್ಟವಾದ ಉದಾಹರಣೆ. ಮೌಸರ್ ರೈಫಲ್ ಹುಟ್ಟಿದ ನಾಡು ಅದು. ತರಬೇತಾದ, ಪರೀಕ್ಷೆ ಪಾಸಾದ, ಒಳ್ಳೆಯ ರೈಫಲ್ ಉಳ್ಳ ಬೇಟೆಗಾರರು ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. 2019-20ರ ಒಂದೇ ಬೇಟೆ ಋತುವಿನಲ್ಲಿ ಅವರು 8 ಲಕ್ಷಕ್ಕೂ ಹೆಚ್ಚು ಕಾಡುಹಂದಿಗಳನ್ನು ಕೊಂದರು. ಹಂದಿಯ ಕಾಟ ಅಲ್ಲಿ ನಿಂತಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿದೆ ಆ ಶ್ರಮ.

ಕಾರಣ ಹಂದಿಯ ಸಂತಾನಶಕ್ತಿಯಲ್ಲಿದೆ. ಹೆಣ್ಣುಹಂದಿ ಸುಮಾರು 115 ದಿನಗಳಲ್ಲಿ ಈಯುತ್ತದೆ. ಒಂದು ಸೂಲಿಗೆ ನಾಲ್ಕಾರು ಮರಿಗಳು. ಮೇವು ಸಮೃದ್ಧವಾಗಿದ್ದರೆ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ. ಹಿಂಡನ್ನು ನಡೆಸುವುದು ಅನುಭವಿಯಾದ ಮುದಿಹೆಣ್ಣು. ಗುಂಡಿಗೆ ಮೊದಲು ಬೀಳುವುದು ಸಾಮಾನ್ಯವಾಗಿ ದೊಡ್ಡ ಪ್ರಾಣಿಯೇ. ಅದು ಬಿದ್ದಾಗ ಹಿಂಡು ಒಡೆಯುತ್ತದೆ, ಎಳೆಯ ಹೆಣ್ಣುಗಳು ದಿಕ್ಕುಪಾಲಾಗಿ ಹೊಸ ಹೊಲಗಳನ್ನು ಹುಡುಕುತ್ತವೆ. ಬೇಟೆಯ ಒತ್ತಡ ಹೆಚ್ಚಿರುವ ಕಡೆ ಹೆಣ್ಣುಗಳು ಇನ್ನೂ ಎಳೆಯ ವಯಸ್ಸಿನಲ್ಲೇ ಗಬ್ಬವಾಗುವುದನ್ನು ಫ್ರಾನ್ಸಿನ ಅಧ್ಯಯನಗಳು ಗುರುತಿಸಿವೆ. ಕಬ್ಬಿನ ಗದ್ದೆಯಲ್ಲಿ ನೆರಳು, ಗೋವಿನಜೋಳದಲ್ಲಿ ಮೇವು, ಬೇಸಿಗೆಯಲ್ಲೂ ನೀರು ಎಲ್ಲಿವೆಯೋ ಅಲ್ಲಿ ಹಂದಿಗೆ ಕಾಡೇ ಬೇಕಿಲ್ಲ. ಸತ್ತ ಒಂದರ ಜಾಗಕ್ಕೆ ಎರಡು ಬರುತ್ತವೆ.

ದೂರದ ದೇಶಗಳ ಮಾತೇಕೆ, ಕರ್ನಾಟಕದಲ್ಲೇ ಪುರಾವೆ ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಆರಂಭವಾದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿ ಅಲ್ಲಿನ ಸಂಸ್ಕೃತಿಯ ಅಂಗ. ಅದರ ಗೌರವದ ಬಗ್ಗೆ ತಕರಾರಿಲ್ಲ. ಆದರೆ ರಾಜ್ಯದಲ್ಲಿ ಮನೆಮನೆಗೂ ಕೋವಿ ಇರುವ ಜಿಲ್ಲೆಯಲ್ಲೇ ಕಾಡುಪ್ರಾಣಿಗಳ ಹಾವಳಿಯ ಕೂಗು ಅತಿ ಹೆಚ್ಚು ಕೇಳಿಬರುವ ಕೂಗುಗಳಲ್ಲಿ ಒಂದು. ಕೋವಿಯಿಂದ ಬೆಳೆ ಉಳಿಯುವಂತಿದ್ದರೆ ಕೊಡಗಿನ ಬೆಳೆಗಾರ ನಿಶ್ಚಿಂತೆಯಿಂದ ಮಲಗಬೇಕಿತ್ತು.

ಗುಂಡು ಎಲ್ಲಿಗೆ ಹೋಗುತ್ತದೆ

ಬೆಟ್ಟಸೀಮೆಯಲ್ಲಿ ಇನ್ನೂ ಒಂದು ಲೆಕ್ಕವಿದೆ. ಬಾಯಿಯಿಂದ ಮದ್ದು ತುಂಬುವ ಕೋವಿಯ ಈಡು ಐವತ್ತು ಗಜ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ರೈಫಲ್‌ನ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆಯ ಮನುಷ್ಯನನ್ನು ಕೊಲ್ಲಬಲ್ಲದು. ಬಯಲಿನಲ್ಲಿ ಹಾರಿದ ಗುಂಡು ಎಲ್ಲೋ ಮಣ್ಣಿಗೆ ಬಿದ್ದೀತು. ಇಳಿಜಾರಿನಲ್ಲಿ, ಕಣಿವೆಯ ಎದುರು ಬದಿಯಲ್ಲಿ ಮನೆಗಳಿರುವಲ್ಲಿ, ಕತ್ತಲಲ್ಲಿ, ಬಂಡೆಗೆ ತಾಗಿ ಚಿಮ್ಮಿದ ಗುಂಡಿಗೆ ದಿಕ್ಕೆಂಬುದಿಲ್ಲ. ಹಂದಿಯೆಂದು ಭ್ರಮಿಸಿ ಜೊತೆಯವನಿಗೇ ಗುಂಡು ಹೊಡೆದ ಸುದ್ದಿಗಳು ಮಲೆನಾಡಿನ ಪತ್ರಿಕೆಗಳಿಗೆ ಹೊಸತಲ್ಲ. ಬಾದಾಮಿಯ ಮರಳುಗಲ್ಲಿನ ಬೆಟ್ಟಗಳಿರಲಿ, ಪಶ್ಚಿಮಘಟ್ಟದ ಕಣಿವೆಗಳಿರಲಿ, ಯುದ್ಧಭೂಮಿಗೆಂದು ಹುಟ್ಟಿದ ಆಯುಧಕ್ಕೆ ಒಗ್ಗುವ ನೆಲವಲ್ಲ.

ಗುಂಡಿನ ಜೊತೆ ಸೀಸವೂ ಬರುತ್ತದೆ. ಪ್ರಾಣಿಯ ಮೈಹೊಕ್ಕ ಸೀಸದ ಗುಂಡು ಕಣ್ಣಿಗೆ ಕಾಣದ ಚೂರುಗಳಾಗಿ ಒಡೆಯುತ್ತದೆ. ಗಾಯಗೊಂಡು ಓಡಿ ಪೊದೆಯಲ್ಲಿ ಸತ್ತ ಪ್ರಾಣಿಯನ್ನು ತಿಂದ ಹದ್ದು, ರಣಹದ್ದುಗಳ ರಕ್ತಕ್ಕೆ ಆ ಸೀಸ ಸೇರುತ್ತದೆ. ಕಾಂಡೋರ್ ಎಂಬ ದೊಡ್ಡ ರಣಹದ್ದು ಹೀಗೆ ವಿಷವೇರಿ ಸಾಯುತ್ತಿದ್ದುದರಿಂದಲೇ ಕ್ಯಾಲಿಫೋರ್ನಿಯಾ ರಾಜ್ಯ 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ಯುರೋಪಿಯನ್ ಒಕ್ಕೂಟ 2023ರಿಂದ ಜೌಗುಪ್ರದೇಶಗಳಲ್ಲಿ ಸೀಸದ ಚರೆಗಳನ್ನು ನಿಷೇಧಿಸಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿ 2012ರಲ್ಲಿ ಧಾಮ ಮಾಡಿರುವ ರಾಜ್ಯ, ಅಳಿದುಳಿದ ಹದ್ದುಗಳ ಬಾಯಿಗೆ ಸೀಸ ಹಾಕುವ ಮುನ್ನ ಯೋಚಿಸಬೇಡವೇ? ಮಣ್ಣಿಗೆ ಸೇರಿದ ಸೀಸ ಸುಲಭವಾಗಿ ಕರಗಿ ಹೋಗುವುದಿಲ್ಲ. ಮೇಲ್ಪದರದಲ್ಲೇ ತಲೆಮಾರುಗಳ ಕಾಲ ಉಳಿಯುತ್ತದೆ. ಕಾಡಂಚಿನ ಹೊಲದ ಮಣ್ಣು ಮಕ್ಕಳು ಆಡುವ ಮಣ್ಣೂ ಹೌದು.

ಹಾಗಾದರೆ ರೈತ ಕೈಕಟ್ಟಿ ಕೂರಬೇಕೇ?

ಕೂರಬೇಕಿಲ್ಲ. ಪರವಾನಗಿಯುಳ್ಳ ಹಳೆಯ ಕೋವಿಗಳನ್ನು ಕಿತ್ತುಕೊಳ್ಳಿ ಎಂದೂ ಇಲ್ಲಿ ಹೇಳುತ್ತಿಲ್ಲ. ಹಂದಿಯನ್ನು ಬೆದರಿಸುವ ಸದ್ದಿಗಾದರೂ ಅವು ಬೇಕು. ಆದರೆ ಬೆಳೆ ಕಾಯುವ ಹೊಣೆಯನ್ನು ಒಬ್ಬೊಬ್ಬ ರೈತನ ಹೆಗಲಿಗೆ ಹೊರಿಸಿ, ಅವನ ಕೈಗೊಂದು ಕೊಳವೆ ಕೊಟ್ಟು, ‘ಇನ್ನು ನಿನ್ನ ಪಾಡು’ ಎನ್ನುವ ನೀತಿಯನ್ನು ತಿರಸ್ಕರಿಸಬೇಕಾಗಿದೆ. ಆ ನೀತಿಯ ಫಲವನ್ನು ಈಗಾಗಲೇ ಕಾಣುತ್ತಿದ್ದೇವೆ: ಬೇಲಿಗೆ ಹರಿಸಿದ ಕಳ್ಳ ವಿದ್ಯುತ್ತಿಗೆ ಆನೆ ಸಾಯುತ್ತದೆ, ರೈತನೂ ಸಾಯುತ್ತಾನೆ, ಸಿಡಿಮದ್ದಿನ ಉಂಡೆಗೆ ದನದ ಬಾಯಿ ಛಿದ್ರವಾಗುತ್ತದೆ, ಉರುಳಿಗೆ ಚಿರತೆ ಬೀಳುತ್ತದೆ.

ಒಟ್ಟಾಗಿ ಮಾಡುವ ಕೆಲಸ ಸರ್ಕಾರಕ್ಕೆ ಬಾರದೆಂದು ಯಾರೂ ಹೇಳಲಾರರು. ಹುನಗುಂದ ಸೀಮೆಯ ರಾಮಥಾಳವನ್ನು ನೋಡಬಹುದು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕೃಷ್ಣೆಯ ನೀರನ್ನೆತ್ತಿ ಸುಮಾರು 24,000 ಹೆಕ್ಟೇರ್ ಒಣಭೂಮಿಗೆ ಹನಿ ನೀರಾವರಿಯ ಕೊಳವೆ ಹಾಸುವ ಯೋಜನೆ ಅಲ್ಲಿ ಜಾರಿಯಾಯಿತು. ಅದರ ನಿರ್ವಹಣೆಯ ಬಗ್ಗೆ ರೈತರ ದೂರುಗಳಿವೆ; ಅವನ್ನು ಸರಿಪಡಿಸಬೇಕು. ಆದರೆ ಅದರ ಹಿಂದಿನ ತತ್ವ ಸರಿಯಾದುದು. ಪ್ರತಿ ರೈತನಿಗೂ ಒಂದೊಂದು ಪಂಪು ಕೊಟ್ಟು, ‘ಹೊಳೆಯಿಂದ ನೀರು ತಂದುಕೋ’ ಎಂದು ಸರ್ಕಾರ ಹೇಳಲಿಲ್ಲ. ಹೊಲಗಳ ಎಲ್ಲೆ ದಾಟಿ ಇಡೀ ಸೀಮೆಯನ್ನು ಒಂದೇ ಘಟಕವೆಂದು ಎಣಿಸಿತು. ನೀರಿಗೆ ಸಲ್ಲುವ ಈ ತತ್ವ ಬೇಲಿಗೇಕೆ ಸಲ್ಲದು? ಒಬ್ಬನ ಹೊಲಕ್ಕಷ್ಟೇ ಬೇಲಿ ಹಾಕಿದರೆ ಹಂದಿ ಪಕ್ಕದವನ ಹೊಲಕ್ಕೆ ನುಗ್ಗುತ್ತದೆ. ಊರಿನ ಎಲ್ಲೆಗೇ ಸೌರಬೇಲಿ ಅಥವಾ ಅಗಳು ಬಂದರೆ ಎಲ್ಲರದೂ ಉಳಿಯುತ್ತದೆ. ಒಣಸೀಮೆಗೆ ನೀರು ಬಂದಾಗ ಬೇಸಿಗೆಯ ಹಸಿರಿಗೆ ಕಾಡುಪ್ರಾಣಿಯೂ ಬರುವುದು ಸಹಜ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿಯಲ್ಲಿ ಚಿಂಕಾರ ಜಿಂಕೆಗೆ ಧಾಮವೂ ಇರುವ ಜಿಲ್ಲೆಯಿದು. ಹಾಗಾಗಿ ನೀರಾವರಿ ಯೋಜನೆಯ ಅಂದಾಜುಪಟ್ಟಿಯಲ್ಲೇ ಬೇಲಿಯ ವೆಚ್ಚ ಸೇರಬೇಕು. ನೀರು ಕೊಟ್ಟು ಕಾವಲು ಮರೆಯುವುದು ಅರ್ಧ ಕೆಲಸ.

ಕಾಯಿದೆಯಲ್ಲಿಯೂ ದಾರಿಯಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಅದು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯವೆಂದು ಖಚಿತವಾದರೆ, 11ನೆಯ ಪ್ರಕರಣದ ಅಡಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣಗಳನ್ನು ದಾಖಲಿಸಿ, ಅಂಥ ಪ್ರಾಣಿಯನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರವರೆಗೂ ಇಳಿಸಿತು. ಕೊಲ್ಲಲೇಬೇಕಾದ ಸಂದರ್ಭ ಬಂದರೆ ಅದು ಹೊಣೆಗಾರ ಇಲಾಖೆಯ ತರಬೇತಾದ ತಂಡದ ಕೆಲಸವಾಗಬೇಕು. ಯಾವ ಹಿಂಡು, ಎಷ್ಟು, ಎಲ್ಲಿ ಎಂಬುದು ಬರೆದಿಟ್ಟ ಲೆಕ್ಕವಾಗಬೇಕು. ಇಡೀ ಜಾತಿಗೇ ‘ಪೀಡಕ’ವೆಂಬ ಹಣೆಪಟ್ಟಿ ಹಚ್ಚಿ ಬಯಲು ಬೇಟೆಗೆ ಬಿಡುವುದು ಬೇರೆಯೇ ಮಾತು. ಬಿಹಾರದಲ್ಲಿ 2016ರಲ್ಲಿ ಹೊರಗಿನಿಂದ ಕರೆಸಿದ ಬೇಟೆಗಾರರು ಮೊಕಾಮಾ ಬಯಲಿನಲ್ಲಿ ನೀಲಗಾಯಿಗಳನ್ನು ನೂರರ ಲೆಕ್ಕದಲ್ಲಿ ಉರುಳಿಸಿದರು. ಆ ಬಳಿಕವೂ ಬಿಹಾರದ ರೈತ ನೀಲಗಾಯಿಯ ದೂರನ್ನೇ ಹೇಳುತ್ತಿದ್ದಾನೆ.

ನಷ್ಟವಾದ ಮೇಲೆ ಬೇಕಿರುವುದು ಪರಿಹಾರ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2026ರ ಮುಂಗಾರಿನಿಂದ ಕಾಡುಪ್ರಾಣಿಗಳ ದಾಳಿಯನ್ನೂ ವಿಮೆಯ ಹೆಚ್ಚುವರಿ ವ್ಯಾಪ್ತಿಗೆ ತರುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ನಷ್ಟವಾದ 72 ಗಂಟೆಗಳೊಳಗೆ ಮೊಬೈಲಿನಲ್ಲಿ ಚಿತ್ರಸಹಿತ ವರದಿ ಮಾಡಬೇಕೆಂಬುದು ಅದರ ನಿಯಮ. ಆದರೆ ಯಾವ ಪ್ರಾಣಿಗಳು, ಯಾವ ಜಿಲ್ಲೆಗಳು ಎಂಬ ಪಟ್ಟಿಯನ್ನು ಪ್ರಕಟಿಸಬೇಕಾದದ್ದು ರಾಜ್ಯ ಸರ್ಕಾರ. ಬೆಟ್ಟಸೀಮೆಯ ಹಳ್ಳಿಗಳು ಮೊಬೈಲ್ ಸಿಗ್ನಲ್ಲೇ ಸಿಗದ ಕಡೆ 72 ಗಂಟೆಗಳ ಗಡುವನ್ನು ಹೇಗೆ ಪಾಲಿಸಬೇಕೆಂಬ ಪ್ರಶ್ನೆಯನ್ನೂ ಕೇಳಬೇಕು. ರೈಫಲ್ ಬೇಡುವ ಮನವಿಪತ್ರಕ್ಕೆ ಹಾಕುವ ಸಹಿ ಈ ಬೇಡಿಕೆಗೆ ಬೀಳಲಿ.

ಆದುದರಿಂದ ಪ್ರತಿ ಗ್ರಾಮಸಭೆಯೂ ನಾಲ್ಕು ನಿರ್ಣಯಗಳನ್ನು ಬರೆದು ಕಳುಹಿಸಲಿ. ಕಾಡಂಚಿನ ಹಳ್ಳಿಗಳ ಎಲ್ಲೆಗೆ ಸಾಮೂಹಿಕ ಬೇಲಿಯೂ ಅದರ ದುರಸ್ತಿಗೆ ಖಾಯಂ ಅನುದಾನವೂ ಬೇಕು. ಬೆಳೆಹಾನಿಯ ವಿಮೆಗೆ ತಮ್ಮ ಜಿಲ್ಲೆಯ ಹೆಸರು, ತಮ್ಮ ಊರಿಗೆ ನುಗ್ಗುವ ಪ್ರಾಣಿಯ ಹೆಸರು ಪಟ್ಟಿಯಲ್ಲಿರಬೇಕು. ಚುನಾವಣೆಯ ಹೆಸರಿನಲ್ಲಿ ಬೆಳೆರಕ್ಷಣೆಯ ಕೋವಿಗಳನ್ನು ಸಾರಾಸಗಟಾಗಿ ಠಾಣೆಗೆ ಸೇರಿಸುವುದು ನಿಲ್ಲಬೇಕು. ಸೇವೆಯಿಂದ ಇಳಿದ ರೈಫಲ್‌ಗಳು ಯಾವ ರೂಪದಲ್ಲೂ, ಯಾವ ಅಳತೆಯಲ್ಲೂ ಹಳ್ಳಿಗೆ ಬರದೆ ಕುಲುಮೆಗೇ ಹೋಗಬೇಕು.

ಕೊನೆಯ ನಿರ್ಣಯಕ್ಕೆ ಊರಿನ ಕೆಲವರು ಸಿಟ್ಟಾದಾರು. ಅವರಿಗೆ ವಿದ್ಯಾರ್ಥಿಗಳು ಹಲಗಲಿಯ ಕಥೆಯನ್ನು ಪೂರ್ತಿಯಾಗಿ ಹೇಳಲಿ. ಅಂದು ಜನ ಸತ್ತದ್ದು ತಮ್ಮ ಆಯುಧವನ್ನು ಬಿಡಲಾರದೆ. ಆ ಬಳಿಕ ಬಂದ ಪ್ರತಿ ಸರ್ಕಾರವೂ ತನಗೆ ಬೇಡವಾದ ಬಂದೂಕನ್ನು, ತನಗೆ ಅಪಾಯವಾಗದ ಅಳತೆಗೆ ಇಳಿಸಿ, ಜನರಿಗೆ ದಾನವೆಂಬಂತೆ ಕೊಟ್ಟಿದೆ. ಹಳೆಯ ಕೊಳವೆಯ ಈ ದಾನವನ್ನು ನಿರಾಕರಿಸಿ ಬೇಲಿಯನ್ನು, ವಿಮೆಯನ್ನು, ಲಿಖಿತ ಉತ್ತರವನ್ನು ಹಕ್ಕಿನಿಂದ ಕೇಳುವ ಊರಿಗೆ ಉತ್ತರ ಕೊಡುವುದು ಸರ್ಕಾರಕ್ಕೆ ಹೆಚ್ಚು ಕಷ್ಟವಾಗುತ್ತದೆ. ಮುಂದಿನ ಗ್ರಾಮಸಭೆಯ ನೋಟೀಸು ಬಂದಾಗ ಈ ವಿಷಯ ಅದರಲ್ಲಿರುವಂತೆ ನೋಡಿಕೊಳ್ಳುವುದೇ ಮೊದಲ ಹೆಜ್ಜೆ.